ದೂರ ಸರಿಸಿದ ಮೈಕು

ದೊಡ್ಡ ದನಿಯ ಗಂಡಸರ ಮೇಲೆ ನನಗಿದ್ದ ಗೌರವ ಹೋಗಿದ್ದು ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ. ಲ್ಯಾಪ್‌ಟಾಪ್ ಮುಂದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ. ಇದ್ದದ್ದೂ ಸ್ವಲ್ಪವೇ, ಹಾಗಾಗಿ ನಷ್ಟವೇನೂ ಆಗಲಿಲ್ಲ.

ಸಂಘ ಎಂದರೆ ದೊಡ್ಡ ಕಟ್ಟಡವನ್ನೇನೂ ಕಲ್ಪಿಸಿಕೊಳ್ಳಬೇಡಿ. ಕೆಳಗೆ ಔಷಧಿ ಅಂಗಡಿ, ಮೇಲೆ ಟ್ಯೂಷನ್ ಕ್ಲಾಸು, ನಡುವಿನ ಮಹಡಿಯಲ್ಲಿ ನಾವು. ಒಂದು ಹಾಲು, ಒಂದು ಸಣ್ಣ ಅಡುಗೆಮನೆ, ಹಿಂದೆ ಒಂದು ಕೋಣೆ. ಆ ಹಿಂದಿನ ಕೋಣೆಗಾಗಿಯೇ ಇಷ್ಟೆಲ್ಲ ನಡೆದದ್ದು.

ಆ ಕೋಣೆಯಲ್ಲಿ ಪ್ರತಿ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಮಕ್ಕಳಿಗೆ ಕನ್ನಡ ಪಾಠ. ಹೇಳಿಕೊಡುವವರು ಧಾರವಾಡ ಕಡೆಯವರು, ರಿಟೈರ್ ಆದ ಶಾಲಾ ಶಿಕ್ಷಕಿ, ಕಲ್ಯಾಣದಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುವುದು. ಇಲ್ಲಿ ಹುಟ್ಟಿದ ಮಕ್ಕಳು ಹೇಗೆಂದರೆ, ಕನ್ನಡದಲ್ಲಿ ಕೇಳಿದ್ದು ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಟೀಚರ್ ಬೈಯುವುದಿಲ್ಲ. ಆ ಉತ್ತರವನ್ನೇ ಕನ್ನಡದಲ್ಲಿ ತಾವು ಹೇಳಿ, ‘ಈಗ ನೀ ಅನ್ನು ಬಾಳಾ’ ಎನ್ನುತ್ತಾರೆ. ನನ್ನ ಮಗಳೂ ಹಾಗೇ ಕಲಿತದ್ದು. ನನ್ನ ಕನ್ನಡ ಹೇಗೂ ಭೇಲ್‌ಪುರಿ. ಅಪ್ಪ ಹುಬ್ಬಳ್ಳಿ, ಅಮ್ಮ ಕುಂದಾಪುರ, ನಾನು ಹುಟ್ಟಿದ್ದು ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಲ್ಲಿ.

ಆ ಕೋಣೆ ಅಧ್ಯಕ್ಷರಿಗೆ ಬೇಕಾಯಿತು. ಏನಕ್ಕೆ ಅಂತೀರಿ? ಕ್ಯಾಬಿನ್ನಿಗೆ. ಗಾಜಿನ ಬಾಗಿಲು, ಎಸಿ, ತಿರುಗುವ ಕುರ್ಚಿ. ಅಧ್ಯಕ್ಷರು ಮೈಸೂರಿನವರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕ್ಯಾಬಿನ್ ಹೋಗಿದ್ದರ ದುಃಖ ಅವರನ್ನು ಹೆಂಡತಿಗಿಂತ ಹೆಚ್ಚು ಪೀಡಿಸುತ್ತಿತ್ತು. ತಿಂಗಳಿಗೊಮ್ಮೆ ಸೇರುವ ಸಂಘದಲ್ಲಿ ಕ್ಯಾಬಿನ್ನಿನೊಳಗೆ ಕೂತು ಏನು ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಬಾಗಿಲ ಮೇಲೆ ಬರೆಸುವ ಬೋರ್ಡು ಹಿತ್ತಾಳೆಯದೋ ಅಕ್ರಿಲಿಕ್ಕಿನದೋ ಎಂಬ ಚರ್ಚೆ ಮಾತ್ರ ವಾಟ್ಸಾಪಿನಲ್ಲಿ ಎರಡು ದಿನ ನಡೆಯಿತು.

ಇನ್ನು ನಾನು. ಐರೋಲಿಯ ಒಂದು ಐಟಿ ಪಾರ್ಕಿನಲ್ಲಿ ಅಡ್ಮಿನ್ ಕೆಲಸ. ನಾಲ್ಕು ಮೀಟಿಂಗ್ ರೂಮುಗಳು ನನ್ನ ಕೊರಳಿಗೆ ಬಿದ್ದಿವೆ. ಅರ್ಧ ಜನ ರೂಮಿನಲ್ಲಿ, ಅರ್ಧ ಜನ ಪರದೆಯಲ್ಲಿ. ವರ್ಷಗಟ್ಟಲೆ ನೋಡಿ ಕಲಿತದ್ದು ಒಂದೇ: ರೂಮಿನಲ್ಲಿ ಕೂತವರಿಗೆ ಪರದೆಯಲ್ಲಿರುವವರು ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇದ್ದ ಹಾಗೆ. ಇದ್ದಾರೆ ಎಂದು ಗೊತ್ತಿರುತ್ತದೆ, ತಿರುಗಿ ನೋಡುವುದು ರಜೆ ಎಷ್ಟು ಎಂದು ಎಣಿಸುವಾಗ ಮಾತ್ರ. ಈ ಅನುಭವ ಇದೆ ಎನ್ನುವ ಕಾರಣಕ್ಕೆ ಸಂಘದ ಮೀಟಿಂಗುಗಳ ರೆಕಾರ್ಡಿಂಗನ್ನೂ ನನ್ನ ತಲೆಗೆ ಕಟ್ಟಿದರು.

ಸಂಘದಲ್ಲಿ ರೆಕಾರ್ಡಿಂಗ್ ಎಂದರೆ ವೇದವಾಕ್ಯ. ಅದಕ್ಕೂ ಕಾರಣ ಅಧ್ಯಕ್ಷರೇ. ಒಮ್ಮೆ ವಾರ್ಷಿಕ ಊಟಕ್ಕೆ ಹೋಳಿಗೆಯೋ ಶ್ರೀಖಂಡವೋ ಎಂದು ಜಗಳವಾಗಿ, ಹಿಂದಿನ ಮೀಟಿಂಗಿನಲ್ಲಿ ಯಾರು ಏನು ಹೇಳಿದ್ದರು ಎಂದು ಕೈಕೈ ಮಿಲಾಯಿಸುವ ತನಕ ಹೋಯಿತು. ಆಗ ಅವರೇ ನಿಯಮ ತಂದರು: ರೆಕಾರ್ಡಿಂಗಿನಲ್ಲಿ ಕೇಳಿಸಿದ್ದು ಮಿನಿಟ್ಸಿನಲ್ಲಿ ಇರುತ್ತದೆ, ಕೇಳಿಸದ್ದು ಇರುವುದಿಲ್ಲ, ವಾದ ಬೇಡ. ಕಾರ್ಯದರ್ಶಿ ಪಾಪದ ಮನುಷ್ಯ. ಅಂದಿನಿಂದ ಕಿವಿಗೆ ಬಿದ್ದಷ್ಟನ್ನೇ ಬರೆದುಕೊಂಡು ಬರುತ್ತಾನೆ. ಕೆಮ್ಮಿದರೆ ‘ಕೆಮ್ಮು’ ಎಂದೂ ಬರೆಯುತ್ತಾನೆ.

ಕ್ಯಾಬಿನ್ ವಿಷಯ ಮೀಟಿಂಗಿಗೆ ಬಂದಾಗ ಟೀಚರ್ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಪಾಠವನ್ನು ಲ್ಯಾಪ್‌ಟಾಪಿನಲ್ಲೇ ನಡೆಸುತ್ತಿದ್ದರು. ಮಕ್ಕಳು ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ, ಟೀಚರ್ ಪರದೆಯ ಮೇಲೆ. ಮೀಟಿಂಗಿಗೂ ಆನ್‌ಲೈನಿನಲ್ಲೇ ಬರುತ್ತೇನೆ ಎಂದರು.

ಆ ಮೊದಲ ಮೀಟಿಂಗಿನಲ್ಲಿ ನಾನು ಮಾಡಿದ್ದು ಶುದ್ಧ ಸೋಮಾರಿತನ. ಪುಕ್ಕಟೆ ಕೆಲಸಕ್ಕೆ ಇಷ್ಟು ಸಾಕು ಎಂದುಕೊಂಡು ಆಫೀಸಿನ ಹಳೆಯ ರೆಕಾರ್ಡರನ್ನು ಹಾಲ್‌ನ ಕಿಟಕಿಯ ಮೇಲಿಟ್ಟು ಒತ್ತಿ ಬಿಟ್ಟೆ. ಹಾಲ್‌ನಲ್ಲಿ ಏನು ಕೇಳಿಸುತ್ತದೋ ಅದು ಅದರೊಳಗೆ ಹೋಗಲಿ. ಟೀಚರ್ ಮಾತು ಶುರು ಮಾಡಿದ ಕೂಡಲೇ ಅವರ ದನಿ ದೊಡ್ಡ ಸ್ಪೀಕರಿನಿಂದ ಹೊರಟು, ಮತ್ತೆ ಮೈಕಿಗೆ ಹೊಕ್ಕು, ಕೂಯ್ ಎಂದು ಎಲ್ಲರ ಹಲ್ಲು ಜುಮ್ಮೆನ್ನುವ ಹಾಗೆ ಕೂಗಿತು. ಉಪಾಧ್ಯಕ್ಷರು ಎದ್ದು ಹೋಗಿ ಆನ್‌ಲೈನ್ ದನಿಯ ಗುಂಡಿಯನ್ನು ಪೂರ್ತಿ ಕೆಳಗೆ ತಿರುಗಿಸಿದರು. ಕೂಗು ನಿಂತಿತು, ಟೀಚರೂ ನಿಂತರು. ಅಂದರೆ ಹಾಲ್‌ನಲ್ಲಿ ನಿಂತರು. ಕಲ್ಯಾಣದಲ್ಲಿ ಅವರು ಮಾತಾಡುತ್ತಲೇ ಇದ್ದರು, ನನ್ನ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ಏಳಲಿಲ್ಲ. ಚಹಾ ಬಂದಿತ್ತು.

ಮಿನಿಟ್ಸಿನಲ್ಲಿ ಬಂದದ್ದು: ‘ಕಲ್ಯಾಣದಿಂದ ಶಿಕ್ಷಕಿಯವರು ಮಾತನಾಡಿದರು. ಕೇಳಿಸಲಿಲ್ಲ. ಫ್ಯಾನ್.’

ಅಧ್ಯಕ್ಷರ ಗತಿಯೂ ಅಷ್ಟೇ ಆಗಿತ್ತು, ಅದೊಂದೇ ಸಮಾಧಾನ. ಅವರು ಭಾಷಣ ಮಾಡುವಾಗ ಮೈಕನ್ನು ಕುಲ್ಫಿಯ ಹಾಗೆ ಬಾಯಿಗಿಟ್ಟುಕೊಳ್ಳುತ್ತಾರೆ. ದನಿ ಎಷ್ಟು ಬರುತ್ತಿದೆ ಎಂದು ತೋರಿಸುವ ಮೀಟರಿನಲ್ಲಿ ಹಸಿರು, ಹಳದಿ, ಕೆಂಪು ಇರುತ್ತವೆ. ಹಳದಿಯಲ್ಲಿ ಆಡುತ್ತಿದ್ದರೆ ಕ್ಷೇಮ. ಕೆಂಪು ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಯಾರಪ್ಪನಿಂದಲೂ ಕೂಡಿಸಲಾಗದು. ಕಡಿಮೆ ಬಂದಿದ್ದರೆ ಪರವಾಗಿಲ್ಲ, ಆಮೇಲೆ ಏರಿಸಬಹುದು. ಅವರ ಕ್ಯಾಬಿನ್ ಭಾಷಣ ಆರಂಭದಿಂದ ಕೊನೆಯವರೆಗೆ ಕೆಂಪು. ಕೇಳಿದರೆ ಎರಡನೇ ಗೇರಿನಲ್ಲಿ ಘಾಟಿ ಹತ್ತುವ ಬಸ್ಸು. ಕಾರ್ಯದರ್ಶಿ ಅದನ್ನೂ ‘ಕೇಳಿಸಲಿಲ್ಲ’ ಎಂದೇ ಬರೆದ. ಅವರದೇ ನಿಯಮ. ಹಾಗಾಗಿ ಕ್ಯಾಬಿನ್ ವಿಷಯ ಮುಂದಿನ ತಿಂಗಳಿಗೆ ಹೋಯಿತು.

ಮಿನಿಟ್ಸ್ ಗ್ರೂಪಿಗೆ ಬಂದ ಸಂಜೆ ಟೀಚರ್ ಫೋನ್ ಮಾಡಿದರು.

“ನೋಡವಾ, ನಾ ಏಳು ನಿಮಿಷ ಮಾತಾಡೀನಿ. ಗಡಿಯಾರ ನೋಡಿ ಹೇಳಾಕತ್ತೀನಿ. ನೀ ಕಿವಿಗೆ ಹಾಕ್ಕೊಂಡು ಕುಂತಿದ್ದಿಲ್ಲೇನು?”

“ಕೂತಿದ್ದೆ ಟೀಚರ್. ನನಗೆ ಕೇಳಿಸ್ತು.”

“ಮತ್ತ ಹಿಂಗ್ಯಾಕ ಬರದಾರ?”

“ರೆಕಾರ್ಡಿಂಗಿನಲ್ಲಿ ಬರ್ಲಿಲ್ಲ.”

“ಅಂದ್ರ ನಿನಗ ಕೇಳಿಸಿದ್ದು ಲೆಕ್ಕಕ್ಕಿಲ್ಲ.” ಆಮೇಲೆ, “ನನಗೇನೂ ಸಿಟ್ಟಿಲ್ಲವಾ. ಆದ್ರ ಆ ಖೋಲಿ ಹೋದರ ಹುಡುಗರು ಮತ್ತೆಲ್ಲೂ ಕೂಡೂದಿಲ್ಲ. ಅವರ ಅಪ್ಪ-ಅವ್ವಗ ಕರ್ಕೊಂಡು ಬರಾಕ ಒಂದು ಜಾಗಾ ಬೇಕು. ಎರಡು ಭಾನುವಾರ ತಪ್ಪಿದರ ಮೂರನೇದಕ್ಕ ಡ್ರಾಯಿಂಗ್ ಕ್ಲಾಸಿಗೆ ಹಾಕ್ತಾರ. ನನಗ ಗೊತ್ತದ” ಎಂದರು.

ಸಿಟ್ಟಿಲ್ಲ ಎಂದದ್ದೇ ಚುಚ್ಚಿತು. ಬೈದಿದ್ದರೆ ನಾನೂ ಎರಡು ಮಾತು ಆಡಿ ಮರೆತುಬಿಡುತ್ತಿದ್ದೆ.

ಮುಂದಿನ ಶನಿವಾರ ಕಲ್ಯಾಣಕ್ಕೆ ಹೋದೆ. ಸ್ಟೇಷನ್ನಿನ ಹೊರಗೆ ವಯರ್ ಇರುವ ಇಯರ್‌ಫೋನ್ ಕೊಂಡು ಮೂರು ಮಹಡಿ ಹತ್ತಿದೆ. ಟೀಚರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಪರೀಕ್ಷೆಗೆಂದು ಅವರನ್ನು ಆನ್‌ಲೈನ್ ಕರೆಗೆ ಸೇರಿಸಿ, ನಾನು ಮೆಟ್ಟಿಲ ಬಳಿ ನಿಂತು ನನ್ನ ಫೋನಿನಲ್ಲಿ ಕೇಳಿದೆ. ಮೊದಲು ಲೋಕಲ್ ಟ್ರೇನು ಕೇಳಿಸಿತು. ಬಾಲ್ಕನಿ ಬಾಗಿಲು ಹಾಕಿಸಿದೆ. ಆಮೇಲೆ ಫ್ರಿಜ್ಜಿನ ಗುಂಯ್ ಬಂತು. ಪ್ಲಗ್ ಕಿತ್ತೆ. ಆಮೇಲೆ ಚರಚರ. ಇಯರ್‌ಫೋನಿನ ವಯರಿನಲ್ಲಿರುವ ಪುಟ್ಟ ಮೈಕಿಗೆ ಸೆರಗು ತಾಗುತ್ತಿತ್ತು. ಸೆರಗನ್ನು ಆ ಕಡೆ ಸರಿಸಿ ಪಿನ್ನು ಹಾಕಿದೆ.

“ಈಗ ಏನಾದರೂ ಹೇಳಿ ಟೀಚರ್.”

“ಏನ್ ಹೇಳ್ಲಿ?”

“ಮೀಟಿಂಗಲ್ಲಿ ಹೇಳೋದನ್ನೇ.”

“ಅದನ್ನ ಅವರಿಗೆ ಹೇಳ್ತೀನಿ. ನಿನಗ ಹದಿನೇಳರ ಮಗ್ಗಿ ಸಾಕು.”

ಹದಿನೇಳರ ಮಗ್ಗಿ ಹೇಳಿದರು. ನನ್ನ ಫೋನಿನ ಮೀಟರು ಹಳದಿಯಲ್ಲಿ ನಿಂತದ್ದು ಅಲ್ಲಾಡಲಿಲ್ಲ. ಐವತ್ತು ಮಕ್ಕಳ ಕ್ಲಾಸಿನಲ್ಲಿ ಜೀವಮಾನ ಕಳೆದವರು, ಕಿರುಚಿದರೆ ಸಂಜೆಗೆ ಗಂಟಲು ಉಳಿಯುವುದಿಲ್ಲ ಎಂದು ಕಲಿತವರು. ನನ್ನ ಆಫೀಸಿನಲ್ಲಿ ಮೂರು ಮೂರು ಡಿಗ್ರಿ ಇಟ್ಟುಕೊಂಡವರು ಮೈಕ್ ಕಂಡ ಕೂಡಲೇ ಪ್ಲಾಟ್‌ಫಾರ್ಮಿನಲ್ಲಿ ಕಳೆದುಹೋದವರ ಹಾಗೆ ಕೂಗುತ್ತಾರೆ.

ಎರಡನೇ ಮೀಟಿಂಗಿಗೆ ನಾನು ಸರಿಯಾಗಿ ವಯರ್ ಎಳೆದೆ. ಹಾಲ್‌ನ ಮೈಕು ಒಂದು ದಾರಿಯಲ್ಲಿ, ಆನ್‌ಲೈನ್ ದನಿ ಇನ್ನೊಂದು ದಾರಿಯಲ್ಲಿ, ಎರಡೂ ಬೇರೆ ಬೇರೆ ರೆಕಾರ್ಡ್ ಆಗುವ ಹಾಗೆ. ಹಾಲ್‌ನ ಸ್ಪೀಕರಿಗೆ ದನಿ ಎಷ್ಟು ಬರಬೇಕು ಎಂಬ ಗುಂಡಿ ಬೇರೆ, ರೆಕಾರ್ಡಿಂಗಿಗೆ ಎಷ್ಟು ಹೋಗಬೇಕು ಎಂಬುದು ಬೇರೆ. ಒಂದನ್ನು ಇಳಿಸಿದರೆ ಇನ್ನೊಂದು ಇಳಿಯುವುದಿಲ್ಲ. ಇದನ್ನು ಕಮಿಟಿಗೆ ವಿವರಿಸಿದೆ. ಕೇಳಿದ್ದು ಕಾರ್ಯದರ್ಶಿ ಒಬ್ಬನೇ. ಉಳಿದವರು ಬಿಸ್ಕತ್ತು ಯಾವುದು ಬಂದಿದೆ ಎಂದು ನೋಡುತ್ತಿದ್ದರು.

“ಒಂದು ವಿನಂತಿ. ಮಾತಾಡೋರು ಮೈಕ್ ತಗೊಂಡೇ ಮಾತಾಡಿ. ಬಾಯಿಂದ ಒಂದು ಗೇಣು ದೂರ ಹಿಡೀರಿ. ಮೈಕ್ ಇಲ್ಲದ್ದು ರೆಕಾರ್ಡಿಂಗಿನಲ್ಲಿ ಬರೋದಿಲ್ಲ” ಎಂದೆ.

ಉಪಾಧ್ಯಕ್ಷರಿಗೆ ಉಲ್ಹಾಸನಗರದಲ್ಲಿ ಹೋಟೆಲು, ಉಡುಪಿ ಕಡೆಯವರು. “ನನಗೆ ಮೈಕ್ ಎಂತಕ್ಕೆ ಅಕ್ಕ? ನಾನು ಕೌಂಟರಿನಿಂದ ಕೂಗಿದ್ರೆ ಒಳಗೆ ಕಾವಲಿ ಮೇಲೆ ದೋಸೆ ತನ್ನಷ್ಟಕ್ಕೆ ಮಗುಚ್ತದೆ.”

ಎಲ್ಲರೂ ನಕ್ಕರು. ಅಧ್ಯಕ್ಷರು, “ಮೇಡಂ, ಭಾಷಣಕ್ಕೆ ಮೈಕು ಸರಿ. ಮನೆಯವರ ಹತ್ರ ಮಾತಾಡಕ್ಕೆ ಯಾರಾದ್ರೂ ಮೈಕ್ ಹಿಡ್ಕೊತಾರಾ?” ಎಂದರು. ಹಾಗೆಂದು ಮುಂದಿದ್ದ ಮೇಜಿನ ಮೈಕನ್ನು ಒಂದು ಕೈ ದೂರಕ್ಕೆ, ಹೂದಾನಿಯ ಪಕ್ಕಕ್ಕೆ ತಳ್ಳಿದರು.

ನಮ್ಮ ಜನರ ಪರಮ ನಂಬಿಕೆ ಇದು. ಮೈಕನ್ನು ದೂರ ಸರಿಸಿದರೆ ಅದಕ್ಕೆ ಕಿವಿ ಕೇಳಿಸುವುದಿಲ್ಲ. ಆಫೀಸಿನಲ್ಲೂ ನೋಡಿದ್ದೇನೆ, ಮೈಕನ್ನು ಆ ಕಡೆ ತಿರುಗಿಸಿ ಪಕ್ಕದವನ ಇನ್‌ಕ್ರಿಮೆಂಟಿನ ಬಗ್ಗೆ ಮಾತಾಡುತ್ತಾರೆ. ದೇವರ ಫೋಟೋ ಗೋಡೆಗೆ ತಿರುಗಿಸಿಟ್ಟು ಕುಡಿಯುವವರ ಹಾಗೆ.

ಮೀಟಿಂಗು ಶುರುವಾಯಿತು. ನಾನು ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿಗೆ ಬಗ್ಗಿದೆ. ಆನ್‌ಲೈನಿನಲ್ಲಿ ಏಳು ಜನ. ಒಬ್ಬರು ಥಾಣೆಯಿಂದ ಕಾರಿನಲ್ಲಿ ಕೂತು ಬಂದಿದ್ದರು. ಐರೋಲಿಯ ಒಬ್ಬಾಕೆ ಮ್ಯೂಟ್ ಮಾಡದೆ ಕುಕ್ಕರ್ ಇಟ್ಟಿದ್ದರು, ಮೂರು ಸೀಟಿ ಆದ ಮೇಲೆ ನಾನೇ ಮ್ಯೂಟ್ ಮಾಡಿದೆ. ಹಾಲ್‌ನಲ್ಲಿ ಕ್ಯಾಬಿನ್ ಬಗ್ಗೆ ಆರು ಗಂಡಸರು ಒಟ್ಟಿಗೆ ಕೂಗಾಡುತ್ತಿದ್ದರು. ಒಬ್ಬನ ಕೈಯಲ್ಲೂ ಮೈಕಿಲ್ಲ.

ಟೀಚರ್ ಸರದಿ ಬಂತು. ಈ ಸಲ ಅವರು ನಾಲ್ಕೇ ನಿಮಿಷ ತೆಗೆದುಕೊಂಡರು. ಹಿಂದಿನ ಕೋಣೆಯಲ್ಲಿ ಭಾನುವಾರದ ಪಾಠ ಮುಂದುವರಿಯಲಿ, ಉಳಿದ ಆರು ದಿನ ಅಧ್ಯಕ್ಷರು ಅಲ್ಲೇ ಕೂತುಕೊಳ್ಳಲಿ, ಬೆಂಚು ಮಾತ್ರ ತೆಗೆಯಬಾರದು. ಇದು ನನ್ನ ಸೂಚನೆ ಎಂದು ಸ್ಪಷ್ಟವಾಗಿ ಹೇಳಿದರು. ಥಾಣೆಯ ಕಾರಿನವರು ಸಿಗ್ನಲ್ಲಿನಲ್ಲಿ ನಿಂತು, “ನನ್ನ ಅನುಮೋದನೆ ಇದೆ” ಎಂದರು. ಎರಡೂ ಹಳದಿ. ನಾನು ನಿಟ್ಟುಸಿರು ಬಿಟ್ಟೆ.

ತಲೆಯೆತ್ತಿ ನೋಡಿದರೆ ಹಾಲ್‌ನಲ್ಲಿ ಯಾರೂ ಪರದೆಯ ಕಡೆ ನೋಡುತ್ತಲೇ ಇಲ್ಲ. ಅಧ್ಯಕ್ಷರು ಕೈ ಬೀಸಿ ಏನೋ ಹೇಳಿದರು, ಕೆಲವರು ತಲೆಯಾಡಿಸಿದರು, ಎಲ್ಲರೂ ಎದ್ದು ಚಹಾದ ಕಡೆ ಹೋದರು. ಹೆಡ್‌ಫೋನ್ ತೆಗೆದು ಪಕ್ಕದವರನ್ನು ಕೇಳಿದೆ. “ಕ್ಯಾಬಿನ್ ಪಾಸ್ ಆಯ್ತಂತೆ. ಎಲ್ಲರ ಒಪ್ಪಿಗೆ ಇದೆ ಅಂದ್ರು.”

“ಟೀಚರ್ ಹೇಳಿದ್ದಕ್ಕೆ?”

“ಟೀಚರ್ ಮಾತಾಡಿದ್ರಾ?”

ಮಾರನೆಯ ವಾರ ಕಾರ್ಯದರ್ಶಿ ರೆಕಾರ್ಡಿಂಗ್ ಕೇಳಿ, ಎಂದಿನಂತೆ ಕಿವಿಗೆ ಬಿದ್ದದ್ದನ್ನು ಬರೆದ. ‘ಹಿಂದಿನ ಕೋಣೆಯಲ್ಲಿ ಭಾನುವಾರದ ಪಾಠ ಮುಂದುವರಿಸುವಂತೆ ಶಿಕ್ಷಕಿಯವರ ಸೂಚನೆ. ಥಾಣೆಯ ಸದಸ್ಯರ ಅನುಮೋದನೆ. ವಿರೋಧ ಕೇಳಿಸಲಿಲ್ಲ. ಕ್ಯಾಬಿನ್ ಕುರಿತು ನಿರ್ಧಾರ ಕೇಳಿಸಲಿಲ್ಲ. ಗದ್ದಲ. ಚಹಾದ ಕಪ್ ಬಿದ್ದ ಸದ್ದು.’

ಅಧ್ಯಕ್ಷರ ಫೋನು ನನಗೆ ಬಂತು.

“ಏನ್ರೀ ಮೇಡಂ ಇದು? ಹಾಲ್ ತುಂಬ ಜನರ ಮುಂದೆ ನಾನು ಹೇಳಿದೀನಿ. ಕಲ್ಯಾಣದಲ್ಲಿ ಕೂತಿರೋರದ್ದು ಬಂದಿದೆ, ಎದುರಿಗಿರೋ ನಂದು ಬಂದಿಲ್ವಾ?”

“ನೀವು ಮೈಕ್ ದೂರ ಸರಿಸಿದ್ರಿ ಸರ್.”

“ದೂರ ಇದ್ರೇನು? ನನ್ನ ದನಿ ಸ್ವಲ್ಪನಾದ್ರೂ ಅದರಲ್ಲಿ ಬಿದ್ದಿರಲ್ವಾ? ಏನೋ ವಾಲ್ಯೂಮ್ ಏರಿಸೋದು ಇರುತ್ತಂತಲ್ಲ, ನನ್ನ ಅಳಿಯ ಹೇಳ್ದ. ಏರಿಸಿಬಿಡಿ.”

“ಏರಿಸಬಹುದು. ಆದ್ರೆ ನಿಮ್ಮದೊಂದೇ ಏರೋದಿಲ್ಲ. ಅಲ್ಲಿರೋದೆಲ್ಲ ಏರುತ್ತೆ.”

“ಏರ್ಲಿ ಬಿಡ್ರೀ. ಮುಚ್ಚಿಡೋದೇನಿದೆ.”

ಏರಿಸಿದೆ. ಹಾಲ್ ಮೈಕಿನ ದಾರಿಯನ್ನು ಮಾತ್ರ ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತಿದೆ. ಮೊದಲು ಫ್ಯಾನು ಎದ್ದಿತು, ಆಮೇಲೆ ಬಿಸ್ಕತ್ತಿನ ಪೊಟ್ಟಣ, ಯಾರದ್ದೋ ಚಪ್ಪಲಿ. ಆಮೇಲೆ, ಬಾವಿಯೊಳಗಿನಿಂದ ಬಂದ ಹಾಗೆ, ಅಧ್ಯಕ್ಷರು. ‘ಎಲ್ಲರ ಒಪ್ಪಿಗೆ ಇದೆ, ಕ್ಯಾಬಿನ್ ಪಾಸ್’ ಎಂಬುದು ಇತ್ತು. ಅದಕ್ಕಿಂತ ನಾಲ್ಕು ನಿಮಿಷ ಮುಂಚೆ, ಟೀಚರ್ ಮಾತು ಶುರು ಮಾಡಿದ ಹೊತ್ತಿನಲ್ಲಿ, ಇನ್ನೊಂದು ಮಾತೂ ಇತ್ತು. ಎರಡು ಸಲ ಹಾಕಿ ಕೇಳಿದೆ. ಆಮೇಲೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದು ಮೂರನೇ ಸಲ ಕೇಳಿದೆ.

ಭಾನುವಾರ ಹನ್ನೆರಡಕ್ಕೆ ಕಮಿಟಿ ಹಾಲ್‌ನಲ್ಲಿ ಸೇರಿತು. ಆಗಷ್ಟೇ ಪಾಠ ಮುಗಿದಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಿ ತಂದೆಯರು ಬಾಗಿಲ ಬಳಿ ನಿಂತಿದ್ದರು. ಸಂಘಕ್ಕೆ ಇರುವುದು ಒಂದೇ ಲ್ಯಾಪ್‌ಟಾಪು. ಪಾಠ ಮುಗಿದರೂ ಕರೆ ಮುಗಿದಿರಲಿಲ್ಲ, ಪರದೆಯ ಮೂಲೆಯಲ್ಲಿ ಟೀಚರ್ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಕಟ್ ಮಾಡಬಹುದಿತ್ತು. ಮಾಡಲಿಲ್ಲ. ಮರೆತೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ, ಅದು ಸುಳ್ಳು.

ಅಧ್ಯಕ್ಷರಿಗೆ ಹೆಡ್‌ಫೋನ್ ಚಾಚಿ, “ಮೊದಲು ನೀವೊಬ್ಬರೇ ಕೇಳಿಬಿಡಿ ಸರ್” ಎಂದೆ. ಅಷ್ಟು ಮರ್ಯಾದೆ ಕೊಟ್ಟಿದ್ದೇನೆ, ಯಾರೂ ಇಲ್ಲ ಎನ್ನುವಂತಿಲ್ಲ.

“ನನ್ನ ದನಿ ನನಗೆ ಗೊತ್ತಿಲ್ವಾ? ದೊಡ್ಡ ಸ್ಪೀಕರಿಗೆ ಹಾಕಿ. ಎಲ್ಲರೂ ಕೇಳ್ಲಿ.”

ಹಾಕಿದೆ. ಫ್ಯಾನು, ಪೊಟ್ಟಣ, ಚಪ್ಪಲಿ. ನಂತರ ಅಧ್ಯಕ್ಷರ ದನಿ, ಹಾಲ್‌ನ ನಾಲ್ಕೂ ಗೋಡೆಗೆ ಬಡಿಯುವ ಹಾಗೆ: “ಆಯಮ್ಮ ಮಾತಾಡ್ಲಿ ಬಿಡ್ರೀ. ನೀವು ಗುಂಡಿ ಇಳಿಸಿ. ಹೋದ್ಸಲ ಹಾಗೇ ತಾನೆ ಮುಗಿದದ್ದು.”

ಆಮೇಲೆ ಉಪಾಧ್ಯಕ್ಷರು: “ಇಳಿಸಿ ಆಯ್ತು. ಈಗ ಎಂತ ಕೇಳ್ತದೆ ಮಾರ್ರೆ, ಸೊಳ್ಳೆ ಹಾಡಿದ ಹಾಗೆ.”

ಇಬ್ಬರ ನಗು. ಬಿಸ್ಕತ್ತು ಕಡಿದ ಸದ್ದು.

ನಾನು ನಿಲ್ಲಿಸಿದೆ. ಉಪಾಧ್ಯಕ್ಷರು ಹೂದಾನಿ ನೋಡುತ್ತಿದ್ದರು. ದೋಸೆ ಮಗುಚುವ ದನಿ ಎಲ್ಲಿ ಹೋಯಿತೋ. ಬಾಗಿಲ ಬಳಿ ಒಬ್ಬ ಹುಡುಗಿ ಅಮ್ಮನನ್ನು ಮರಾಠಿಯಲ್ಲಿ ಕೇಳಿದಳು, ಆಯಮ್ಮ ಎಂದರೆ ನಮ್ಮ ಟೀಚರಾ ಎಂದು.

ಸ್ಪೀಕರಿನಿಂದ ಟೀಚರ್ ಮಾತಾಡಿದರು. ಹಳದಿಯಲ್ಲೇ.

“ಅಧ್ಯಕ್ಷರ, ನನಗ ಇಲ್ಲಿ ಭಾಳ ಛಲೋ ಕೇಳಸಾಕತ್ತದ. ಮುಂದಿಂದೂ ಹಾಕ್ರಿ.”

ಮುಂದಿನದನ್ನು ಹಾಕಲು ಅಧ್ಯಕ್ಷರು ಬಿಡಲಿಲ್ಲ. “ಬೇಡ, ಸಾಕು. ಏರಿಸೋಕೆ ಮೊದಲಿನ ರೆಕಾರ್ಡಿಂಗೇ ಇರ್ಲಿ. ಮಿನಿಟ್ಸ್ ಹೇಗಿದೆಯೋ ಹಾಗೇ ಇರ್ಲಿ” ಎಂದರು. ಈ ಸಲ ಮೈಕ್ ಹತ್ತಿರವಿತ್ತು. ಕಾರ್ಯದರ್ಶಿ ಬರೆದುಕೊಂಡ.

ಕೋಣೆ ಉಳಿಯಿತು. ನನ್ನ ರೆಕಾರ್ಡಿಂಗ್ ಕೆಲಸ ಉಳಿಯಲಿಲ್ಲ. ‘ಮೇಡಂಗೆ ಆಫೀಸಿನ ಒತ್ತಡ ಜಾಸ್ತಿ’ ಎಂದು ಗ್ರೂಪಿನಲ್ಲಿ ಹೂಗುಚ್ಛದ ಚಿತ್ರ ಹಾಕಿ ಬೀಳ್ಕೊಟ್ಟರು. ಈಗ ಮೀಟಿಂಗು ಉಪಾಧ್ಯಕ್ಷರ ಫೋನಿನಲ್ಲಿ ರೆಕಾರ್ಡ್ ಆಗುತ್ತದೆ. ಫೋನು ಚಹಾದ ಫ್ಲಾಸ್ಕಿನ ಪಕ್ಕದಲ್ಲಿರುತ್ತದೆ. ಮಿನಿಟ್ಸ್ ತುಂಬ ಚಹಾ ಬಗ್ಗಿಸುವ ಸದ್ದು.

ಆದರೆ ಎಲ್ಲರನ್ನೂ ಬೈದು ನನ್ನನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಕೆಲಸ ಹೋದ ಮೇಲೆ ಹಳೆಯ ಫೈಲುಗಳನ್ನು ಅಳಿಸುತ್ತಿದ್ದೆ. ಮೊದಲ ಮೀಟಿಂಗಿನ ಆ ಏಳು ನಿಮಿಷದ ಫ್ಯಾನು ಸಿಕ್ಕಿತು. ಸುಮ್ಮನೆ ಅದನ್ನೂ ಏರಿಸಿದೆ. ಫ್ಯಾನಿನ ಕೆಳಗೆ, ನೂಲಿನಷ್ಟು ತೆಳ್ಳಗೆ, ಟೀಚರ್ ಇದ್ದರು. ನಾನು ಎಣಿಸಿದ ಹಾಗೆ ಗುಂಡಿ ಪೂರ್ತಿ ಇಳಿದಿರಲೇ ಇಲ್ಲ. ಕಿವಿಗೊಟ್ಟರೆ ಒಂದೊಂದು ಮಾತೂ ಸಿಗುತ್ತಿತ್ತು. ಯಾವ ಮಗು ಯಾವ ಅಕ್ಷರಕ್ಕೆ ತಡವರಿಸುತ್ತದೆ ಎಂದು ಒಬ್ಬೊಬ್ಬರ ಬಗ್ಗೆಯೂ ಹೇಳಿದ್ದರು. ಹೆಡ್‌ಫೋನಿನಲ್ಲಿ ಅಂದೇ ನನಗೆ ಅದು ಕೇಳಿಸಿತ್ತು, ಮರೆತಿದ್ದೆ. ಅವರು ಫೋನ್ ಮಾಡಿದ ಸಂಜೆಯೇ ಏರಿಸಿ ನೋಡಬಹುದಿತ್ತು. ಹತ್ತು ನಿಮಿಷದ ಕೆಲಸ. ‘ಬರ್ಲಿಲ್ಲ’ ಎಂದುಬಿಟ್ಟೆ.

ಟೀಚರ್ ಕೋಲು ಹಿಡಿದು ಹಾಲ್‌ಗೆ ಮರಳಿದ ಮೊದಲ ಭಾನುವಾರ ಬೇಗ ಹೋಗಿ ಇದನ್ನು ಅವರಿಗೆ ಹೇಳಿದೆ. ಅವರು ಗೋಡೆಗೆ ಒರಗಿಸಿಟ್ಟ ಬೆಂಚುಗಳನ್ನು ಎಣಿಸುತ್ತಿದ್ದರು.

“ಗೊತ್ತದ ಬಿಡವಾ” ಎಂದರು. “ಈ ಬೆಂಚಿನ ಆ ತುದಿ ಹಿಡಿ. ಹುಡುಗರು ಬರೂ ಹೊತ್ತಾತು.”